ಕೈ ಎತ್ತದವಳ ಮೇಜು

"ಯಾರಿಗಾದ್ರೂ ತೊಂದ್ರೆ ಇದ್ರೆ ಈಗ್ಲೇ ಹೇಳ್ಬಿಡಿ. ಕೈ ಎತ್ತಿ. ಆಮೇಲೆ ಹಿಂದೆ ಕೂತು ಗೊಣಗಬಾರದು" ಎಂದು ಮ್ಯಾನೇಜರ್ ಅಮೃತೇಶ್ ಕೇಳಿದಾಗ ವನಜಾಕ್ಷಿ ಕೈ ಎತ್ತಲಿಲ್ಲ.

ಎತ್ತುವುದಾದರೂ ಹೇಗೆ? ಆಫೀಸಿನ ಅಷ್ಟೂ ಜನ ಸುತ್ತ ಕೂತಿದ್ದಾರೆ. ಬೆಂಗಳೂರಿನಿಂದ ಬಂದ ಡಿಸೈನರ್ ಯುವಕ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ಈ ಗೋಡೆ ಹೋಗುತ್ತೆ, ಆ ಬಾಗಿಲು ಹೋಗುತ್ತೆ, ಎಲ್ಲರೂ ಒಂದೇ ಹಾಲ್‌ನಲ್ಲಿ ಒಂದೇ ಕುಟುಂಬದ ಹಾಗೆ ಕೂರುತ್ತೀರಿ ಎಂದು ವಿವರಿಸುತ್ತಿದ್ದಾನೆ. ಅಷ್ಟು ಜನರ ನಡುವೆ ಎದ್ದು ನಿಂತು 'ನನಗೆ ಜನರ ನಡುವೆ ಕೆಲಸ ಮಾಡಲು ಆಗುವುದಿಲ್ಲ' ಎನ್ನಬಲ್ಲವಳಿಗೆ ಆ ತೊಂದರೆಯೇ ಇರುತ್ತಿರಲಿಲ್ಲವಲ್ಲ! ಈಜು ಬಾರದವರನ್ನು ಕಪಿಲೆಯ ನಡುವಿಗೆ ಕರೆದೊಯ್ದು, ಈಜು ಬಾರದವರು ಇತ್ತ ಈಜಿ ಬಂದು ಹೇಳಿ ಎಂದ ಹಾಗಿತ್ತು ಆ ಪ್ರಶ್ನೆ.

"ಗುಡ್. ಎಲ್ಲರಿಗೂ ಒಪ್ಪಿಗೆ" ಎಂದು ಅಮೃತೇಶ್ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ವನಜಾಕ್ಷಿಯೂ ತಟ್ಟಿದಳು. ತಟ್ಟುತ್ತಿದ್ದ ತನ್ನ ಕೈಗಳ ಮೇಲೇ ಅವಳಿಗೆ ಸಿಟ್ಟು ಬಂತು.

ನಂಜನಗೂಡಿನ ಪಕ್ಕದ ತಾಂಡ್ಯದಲ್ಲಿರುವ ಆ ಕಾರ್ಖಾನೆಯಲ್ಲಿ ಮಿಡಿಸೌತೆಯನ್ನು ಉಪ್ಪುನೀರಿನಲ್ಲಿ, ವಿನಿಗರ್‌ನಲ್ಲಿ ಹಾಕಿ ಹೊರದೇಶಗಳಿಗೆ ಕಳಿಸುತ್ತಾರೆ. ಸುತ್ತಿನ ರೈತರು ಕಾಯಿ ಬೆಳೆದು ಗೇಟಿಗೆ ತರುತ್ತಾರೆ. ಬಾಟಲಿಗಳ ಲೇಬಲ್ ವನಜಾಕ್ಷಿಯ ಕೆಲಸ. ದೇಶಕ್ಕೊಂದು ಭಾಷೆ, ದೇಶಕ್ಕೊಂದು ನಿಯಮ; ಯಾವ ತಂಡದ ಕಾಯಿ, ಎಂದು ತುಂಬಿದ್ದು, ಎಷ್ಟು ಉಪ್ಪು, ಎಲ್ಲವನ್ನೂ ಅಕ್ಕಿ ಆರಿಸಿದ ಹಾಗೆ ಒಂದೊಂದೇ ಅಕ್ಷರ ನೋಡಿ ಅಚ್ಚಿಗೆ ಬಿಡಬೇಕು. ಹಿಂದೆ ಸ್ಯಾಂಪಲ್ ಬಾಟಲಿ ಇಡುತ್ತಿದ್ದ ಒಂದು ಚಿಕ್ಕ ಕೋಣೆಯನ್ನು ಅವಳಿಗೆ ಕೊಟ್ಟಿದ್ದರು. ಗೋಡೆಗೆ ಅಂಟಿದ ವಿನಿಗರ್ ವಾಸನೆ ಹೋಗಿರಲಿಲ್ಲ. ಆದರೆ ಒಂದು ಕಿಟಕಿ ಇತ್ತು, ಮುಚ್ಚಬಹುದಾದ ಬಾಗಿಲೊಂದಿತ್ತು. ಬಿ.ಕಾಂ. ಮುಗಿಸಿ ಬಂದ ಮೊದಲ ದಿನ ಆ ಬಾಗಿಲು ಮುಂದೆ ಮಾಡಿಕೊಂಡು ಕುರ್ಚಿಯಲ್ಲಿ ಕೂತಾಗ ಅವಳಿಗೆ ಊರಿನ ಹುಳದ ಮನೆ ನೆನಪಾಗಿತ್ತು.

ತಿ. ನರಸೀಪುರ ತಾಲ್ಲೂಕಿನ ಮೂಗೂರು ಕಡೆಯ ಅವಳ ಹಳ್ಳಿಯಲ್ಲಿ ಅವ್ವ ಕೆಂಪಾಜಮ್ಮ ರೇಷ್ಮೆಹುಳ ಸಾಕುತ್ತಾಳೆ. ವಾಸದ ಮನೆಯಲ್ಲಿ ಟಿವಿ, ನೆಂಟರು, ಅಪ್ಪನ ಸ್ನೇಹಿತರ ಇಸ್ಪೀಟು. ಹಿತ್ತಲಿನ ಹುಳದ ಮನೆಗೆ ಮಾತ್ರ ಹೊರಗಿನವರು ಕಾಲಿಡುವಂತಿಲ್ಲ, ಗದ್ದಲ ಮಾಡುವಂತಿಲ್ಲ. ಹುಳಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಕೇಳುತ್ತಿರುತ್ತದೆ. ಆ ಸದ್ದಿನ ಪಕ್ಕದಲ್ಲಿ ಚೀಲ ಹಾಸಿಕೊಂಡು ಕೂತೇ ಅವಳು ಓದಿದ್ದು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳಾದದ್ದು.

ಆದರೆ ಅವಳು ಹಾಗೆ ಕೂರುವುದನ್ನು ಕಂಡು ಸುಮ್ಮನಿದ್ದವರು ಕಡಿಮೆ. ಶಾಲೆಯಲ್ಲಿ ಒಬ್ಬ ಮೇಷ್ಟ್ರಿಗೆ ಅವಳ ಚಳಿ ಬಿಡಿಸುವ ಹಟ ಹುಟ್ಟಿತು. ಸ್ವಾತಂತ್ರ್ಯೋತ್ಸವದ ದಿನ ಭಾಷಣಕ್ಕೆ ನಿಲ್ಲಿಸಿದರು. ಬಾಯಿಪಾಠ ಮಾಡಿದ್ದೆಲ್ಲ ಮರೆತು ಅವಳು ಮೈಕು ಹಿಡಿದು ನಿಂತಳು. ಊರಿಗೆ ಊರೇ ನಕ್ಕಿತು. ಅಂದಿನಿಂದ ಅವಳ ಹೆಸರು ಮೂಗಿ. ಚಳಿ ಬಿಡಲಿಲ್ಲ, ಇನ್ನೂ ಮೂಳೆಗೆ ಇಳಿಯಿತು. ಬಂದವರೆಲ್ಲ "ನಿಮ್ಮುಡುಗಿ ಮಾತೇ ಆಡಲ್ವಲ್ಲ" ಎಂದರೆ ಕೆಂಪಾಜಮ್ಮನದು ಒಂದೇ ಉತ್ತರ: "ಆಡ್ಬೇಕಾದಾಗ ಆಡ್ತಳೆ. ನಿಮಗ್ಯಾಕೆ ಅರ್ಜೆಂಟು?"

ಕಾರ್ಖಾನೆಯಲ್ಲಿ ಹಾಗೆ ಹೇಳುವವರಿರಲಿಲ್ಲ. ಗೋಡೆಗಳು ಬಿದ್ದವು. ಬಾಗಿಲು ಮರದ ವ್ಯಾಪಾರಿಯ ಟ್ರ್ಯಾಕ್ಟರ್ ಹತ್ತಿತು. ಸಣ್ಣ ಮೇಜುಗಳನ್ನೆಲ್ಲ ಒಂದಕ್ಕೊಂದು ಕೂಡಿಸಿ ಹಾಲಿನ ಉದ್ದಕ್ಕೂ ಮದುವೆ ಊಟದ ಪಂಕ್ತಿಯ ಹಾಗೆ ಒಂದೇ ಮೇಜು ಮಾಡಿದರು. ಎಡಗಡೆ ಮಾರಾಟದವರು ಫೋನನ್ನು ಸ್ಪೀಕರಿಗೆ ಹಾಕಿ ಜಗತ್ತಿಗೆಲ್ಲ ಕೇಳುವಂತೆ ವ್ಯವಹರಿಸುತ್ತಿದ್ದರು. ಬಲಗಡೆ ಲೆಕ್ಕದ ಕೃಷ್ಣಕುಮಾರ್ ಮಾತುಮಾತಿಗೆ ಜೋಕು ಹೇಳಿ, ತಾನೇ ಮೊದಲು ನಕ್ಕು, ಎಲ್ಲರನ್ನೂ ನಗಿಸುತ್ತಿದ್ದ. ಮೂಲೆಯಲ್ಲಿ ಕೇರಂ ಬೋರ್ಡು ಬಂತು, ಶುಕ್ರವಾರ ಹಾಡು ಬಂತು. ಇವೆಲ್ಲ ಯಾರಿಗೂ ಬೇಡವಾಗಿತ್ತು ಎಂದಲ್ಲ. ಬೇಕಾದವರಿದ್ದರು, ಅವರ ಮುಖದಲ್ಲಿ ಕಳೆ ಬಂದಿತ್ತು. ವನಜಾಕ್ಷಿ ಅದನ್ನು ಕಂಡಿದ್ದಳು, ಅದಕ್ಕೆ ಅವಳ ತಕರಾರೂ ಇರಲಿಲ್ಲ. ಅವಳ ಹೊಟ್ಟೆ ಉರಿಸಿದ್ದು ಒಂದೇ. ಹಾಲಿನ ಕೊನೆಯಲ್ಲಿ ಒಂದು ಕೋಣೆ ಮಾತ್ರ ಹಾಗೇ ಉಳಿದಿತ್ತು. ಅದಕ್ಕೆ ಗಾಜಿನ ಗೋಡೆ, ಒಳಗಿನಿಂದ ಪರದೆ, ಗಟ್ಟಿ ಬಾಗಿಲು. ಒಂದೇ ಕುಟುಂಬ ಎಂದಿದ್ದ ಅಮೃತೇಶ್ ಅವರ ಕೋಣೆ ಅದು.

"ನಂದು ಕಾನ್ಫಿಡೆನ್ಶಿಯಲ್ ಕೆಲಸ, ಹಾಗಾಗಿ" ಎಂದಿದ್ದರು ಅವರು.

ತಪ್ಪು ಆದದ್ದು ಯಾರದೋ ಹುಟ್ಟುಹಬ್ಬದ ದಿನ. ಜರ್ಮನಿಗೆ ಹೋಗುವ ಬಾಟಲಿಯ ಲೇಬಲ್ ಅರ್ಧ ನೋಡಿದ್ದಳು. ಅಷ್ಟರಲ್ಲಿ ಅವಳ ಕಂಪ್ಯೂಟರ್ ಪಕ್ಕದಲ್ಲೇ ಕೇಕು ಬಂದು ಕೂತಿತು. ಹಾಡಿದರು, ಅವಳ ಬಾಯಿಗೂ ತುರುಕಿದರು, ಮೂಗಿಗೆ ಕ್ರೀಮು ಹಚ್ಚಿದರು. ಮುಖ ತೊಳೆದು ಬಂದು ಕೂತವಳಿಗೆ ಎಲ್ಲಿಯವರೆಗೆ ನೋಡಿದ್ದೆ ಎಂಬುದೇ ಹಾರಿಹೋಗಿತ್ತು. ಹಿಂದಿನ ತಂಡದ ತಾರೀಖು ಹಾಗೇ ಉಳಿದು ಅಚ್ಚಾಯಿತು, ಬಾಟಲಿಗೆ ಅಂಟಿತು. ಲಾರಿಗೆ ತುಂಬುವಾಗ ಯಾರೋ ನೋಡಿದ್ದರಿಂದ ಉಳಿಯಿತು. ಪ್ಯಾಕಿಂಗ್ ಹೆಂಗಸರು ಒಂದೊಂದೇ ಬಾಟಲಿ ನೀರಿಗೆ ಹಾಕಿ ಲೇಬಲ್ ಕೀಳಲು ಕೂತರು. ವನಜಾಕ್ಷಿಯೂ ಕೆಳಗಿಳಿದು ಅವರ ಜೊತೆ ಉಗುರು ನೋಯುವ ತನಕ ಕಿತ್ತಳು.

ಮೇಲೆ ಬಂದರೆ ಅಮೃತೇಶ್ ಹಾಲಿನ ನಟ್ಟನಡುವೆ ನಿಂತಿದ್ದರು. ಬೈಯಲು ಮಾತ್ರ ಅವರಿಗೆ ಆ ಬಾಗಿಲು ಬೇಕಾಗಲಿಲ್ಲ.

"ಏನ್ರೀ ವನಜಾಕ್ಷಿ, ನೀವು ಯಾರ ಜೊತೆನೂ ಬೆರೆಯಲ್ಲ, ಒಂದು ಮಾತಿಲ್ಲ, ಕತೆಯಿಲ್ಲ. ಅಷ್ಟು ಸುಮ್ಮನಿದ್ದೂ ತಪ್ಪು ಮಾಡ್ತೀರಲ್ಲ! ನಿಮ್ಮ ಸಮಸ್ಯೆ ಏನು ಅಂತ ನಂಗೊತ್ತು. ಸಂಕೋಚ. ನಿಮ್ಮನ್ನ ಜನರ ಮುಂದೆ ಕೂರಿಸಬೇಕು, ಆಗ ಚಳಿ ಬಿಡುತ್ತೆ. ನಾಳೆಯಿಂದ ಗೇಟ್ ಕೌಂಟರ್ ನೀವು ನೋಡ್ಕೊಳ್ಳಿ. ಶಿವರಂಜನಿ ಲೇಬಲ್‌ಗೆ ಬರ್ಲಿ. ದಸರಾ ಮುಗಿಯೋವರೆಗೂ ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ಆಫೀಸ್ ಕೆಲಸ ನಿಮಗಲ್ಲ. ಕೆಳಗೆ ಪ್ಯಾಕಿಂಗ್‌ಗೆ ಹಾಕ್ತೀನಿ."

ಮತ್ತೆ ಚಳಿ! ಮೇಷ್ಟ್ರು ನಿವೃತ್ತರಾಗಿ ಮನೆಯಲ್ಲಿದ್ದರು. ಅವರ ಮಾತು ಮಾತ್ರ ತಾಂಡ್ಯದವರೆಗೂ ಅವಳ ಹಿಂದೆ ಬಂದಿತ್ತು. ಹೊಳೆಯಲ್ಲಿ ಮುಳುಗಿದವಳಿಗೆ ಇನ್ನೂ ಆಳಕ್ಕೆ ತಳ್ಳುವುದೇ ಮದ್ದು ಎನ್ನುವ ಈ ಜನಕ್ಕೆ ಏನು ಹೇಳುವುದು? ತಾನು ಓದಿ ಗಳಿಸಿದ, ತನಗೆ ಒಗ್ಗಿದ ಒಂದೇ ಒಂದು ಕೆಲಸ ಕೈಬಿಟ್ಟು ಹೋಗುತ್ತಿದೆ. ಆದರೂ ಬಾಯಿಂದ ಬಂದದ್ದು "ಸರಿ ಸಾರ್" ಮಾತ್ರ.

ಗೇಟ್ ಕೌಂಟರಿನಲ್ಲಿ ಆವರೆಗೆ ಇದ್ದವಳು ಸುತ್ತೂರಿನ ಶಿವರಂಜನಿ. ರೈತರು ತಂದ ಕಾಯಿಯನ್ನು ದಪ್ಪ, ಸಣ್ಣ ಎಂದು ಬೇರ್ಪಡಿಸಿ ತೂಗುವ ಜಾಗ ಅದು. ಮಿಡಿ ಸಣ್ಣದಿದ್ದಷ್ಟೂ ಬೆಲೆ. ಒಂದು ದಿನ ತಡವಾಗಿ ಕಿತ್ತರೂ ಕಾಯಿ ಬಲಿತು ವಾಪಸ್ಸು. ಹಾಗಾಗಿ ದಿನವಿಡೀ ಜಗಳ. ಶಿವರಂಜನಿ ಆ ಜಗಳವನ್ನೆಲ್ಲ ನಗಿಸಿ ನಗಿಸಿಯೇ ಕರಗಿಸುತ್ತಿದ್ದಳು. ವನಜಾಕ್ಷಿ ಕೂತ ಮೇಲೆ ಕಾಯಿಯ ಗಾತ್ರ ಸರಿಯಾಗಿಯೇ ಅಳೆಯುತ್ತಿದ್ದಳು, ಆದರೆ ಮಾತು ಬರುತ್ತಿರಲಿಲ್ಲ. ಮೌನವನ್ನು ಜನ ಜಂಬ ಎಂದುಕೊಂಡರು.

"ಯಾಕ್ ಮೇಡಮ್ನೋರೆ, ಮಾತಾಡುದ್ರೆ ಮುತ್ತು ಉದುರೋಯ್ತವಾ?" ಎಂದ ಒಂದು ದಿನ ಬೋರಯ್ಯ. ತಿ. ನರಸೀಪುರ ಕಡೆಯ ಹಳೆಯ ಬೆಳೆಗಾರ. "ನಮ್ ಕಡೆ ಎಣ್ಣು ಬಂದದೆ ಅಂತ ಕುಸಿಯಾಗಿದ್ದೆ. ಆ ಸುತ್ತೂರವ್ವ ಕಾಯಿ ವಾಪಸ್ ಕಳ್ಸುದ್ರೂವೆ ನಗ್ತಾ ಓಯ್ತಿದ್ದೊ. ನೀವು ಕಾಯಿ ತಕ್ಕಂಡ್ರೂ ಬೇಜಾರಾಯ್ತದೆ."

ಹಿಂದಿದ್ದವರು ಗೊಳ್ಳೆಂದರು. ಬೋರಯ್ಯನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು. ಮುದುಕ ಬೆಳಗಿನ ಜಾವ ಎದ್ದು ಕಾಯಿ ಕಿತ್ತು ಇಷ್ಟು ದೂರ ಬಂದವನು, ಒಂದು ನಗು ಬಯಸಿದ್ದರಲ್ಲಿ ತಪ್ಪೇನು?

ಅಂದು ಸಂಜೆ ನರಸೀಪುರದ ಬಸ್ಸಿನಲ್ಲಿ ಶಿವರಂಜನಿ ಪಕ್ಕದಲ್ಲಿ ಬಂದು ಕೂತಳು. ಯಾವಾಗಲೂ ಕಂಡಕ್ಟರನ್ನೂ ಬಿಡದೆ ರೇಗಿಸುವವಳು ಅಂದು ಮುಖ ಬಾಡಿಸಿಕೊಂಡಿದ್ದಳು.

"ವನಜಾ, ನಂಗೆ ತಲೆ ಕೆಟ್ಟೋಗ್ತದೆ ಕಣೇ. ಇವತ್ತು ಒಂದು ಬಾಟ್ಲಿಗೆ 'ಊಟ ಆಯ್ತಾ' ಅಂತ ಕೇಳ್ದೆ."

"ಬಾಟ್ಲಿಗಾ?"

"ಇನ್ಯಾರಿಗೆ ಕೇಳ್ಲಿ? ಬಾಯಿ ಬಿಟ್ರೆ ಲೇಬಲ್ ತಪ್ತದೆ. ತಪ್ಪಬಾರ್ದು ಅಂತ ಬಾಯಿ ಮುಚ್ಕಂಡ್ರೆ ಉಸಿರು ಕಟ್ತದೆ. ನೀನು ಹೆಂಗೆ ಕೂತಿದ್ದೆ ಮಾರಾಯ್ತಿ? ನಂಗೆ ಆ ಗೇಟೇ ಚೆಂದಾಗಿತ್ತು. ಆ ಬೋರಯ್ಯ ಬಂದಿದ್ನಾ ಇವತ್ತು? ಬೈದ್ನಾ?"

"ಬೈದ. ನಿನ್ನ ಕೇಳ್ದ."

ಶಿವರಂಜನಿಯ ಮುಖ ಒಂದು ಗಳಿಗೆ ಅರಳಿ ಮತ್ತೆ ಬಾಡಿತು. ವನಜಾಕ್ಷಿ ಕಿಟಕಿಯ ಕಡೆ ತಿರುಗಿ, ಮನಸ್ಸಿನಲ್ಲಿ ಬಹಳ ದಿನದಿಂದ ಇದ್ದದ್ದನ್ನು ಕೇಳಿದಳು. "ಅವತ್ತು ಮೀಟಿಂಗಲ್ಲಿ ನೀನಾದ್ರೂ ಹೇಳ್ಬಹುದಿತ್ತಲ್ಲ, ವನಜಂಗೆ ಕಷ್ಟ ಆಗುತ್ತೆ ಅಂತ?"

"ನಿಂಗೆ ಕಷ್ಟ ಅಂತ ನಂಗೇನೇ ಗೊತ್ತು? ನಂಗೆ ಆ ಹಾಲ್ ನೋಡಿ ಹಬ್ಬ ಆಗೋಗಿತ್ತು. ನೀನೂ ಚಪ್ಪಾಳೆ ತಟ್ದೆ!"

ಸುತ್ತೂರು ಬಂತು, ಶಿವರಂಜನಿ ಇಳಿದಳು. ಬಸ್ಸು ಹೊರಟ ಮೇಲೆ ವನಜಾಕ್ಷಿಯ ಸಿಟ್ಟಿಗೆ ಮೊದಲ ಸಲ ಒಂದು ದಿಕ್ಕು ಸಿಕ್ಕಿತು. ಇಬ್ಬರಲ್ಲಿ ಯಾರಿಗೂ ಕೊರತೆಯಿರಲಿಲ್ಲ. ಒಬ್ಬಳು ಜನ ಕಂಡರೆ ಚಿಗುರುವವಳು, ಒಬ್ಬಳು ಒಂಟಿಯಾಗಿದ್ದಾಗ ಚಿಗುರುವವಳು. ಇಬ್ಬರನ್ನೂ ಒಳ್ಳೆಯದು ಮಾಡುತ್ತೇನೆಂದೇ ಬೇರುಸಹಿತ ಕಿತ್ತು ಅದಲುಬದಲು ನೆಟ್ಟಿದ್ದರು. ಇಬ್ಬರನ್ನೂ ಒಂದು ಮಾತು ಕೇಳಿರಲಿಲ್ಲ.

ಆ ಭಾನುವಾರ ಮನೆಯಲ್ಲಿ ಗೂಡು ಬಿಡಿಸುವ ಕೆಲಸ. ಅವ್ವ ಒಂದೊಂದೇ ಗೂಡು ಕೈಯಲ್ಲಿ ಹಿಡಿದು ನೋಡಿ, ಕೆಲವನ್ನು ಪಕ್ಕದ ಮಂಕರಿಗೆ ಎಸೆಯುತ್ತಿದ್ದಳು. ಎಸೆದವು ಉಳಿದವಕ್ಕಿಂತ ದಪ್ಪವಾಗಿದ್ದವು.

"ಈ ಸಲ ಏನವ್ವ ಇಷ್ಟೊಂದು ಜೋಡಿಗೂಡು?"

"ನಿಮ್ಮಪ್ಪಂದು ಅವಸ್ರ. ಅಣ್ಣಾಗಿ ನೂಲಕ್ ಬಂದ ಉಳನೆಲ್ಲ ಒತ್ತೊತ್ತಾಗಿ ಬುಟ್ಬುಟ್ರು. ಜಾಗ ಸಾಲ್ದೆ ಎರಡೆರಡು ಒಂದ್ರೊಳಗೇ ನೂತ್ಕಂಡವೆ. ಎಳೆ ತಗಿಯಕ್ಕೋದ್ರೆ ಬರೀ ಗಂಟು. ಮಾರ್ಕೆಟ್ನಲ್ಲಿ ಮೂಸೂ ನೋಡಲ್ಲ ಇವ."

"ಉಳದ್ದು ತಪ್ಪಾ ಅವ್ವ?"

"ಉಳ ಏನ್ ಮಾಡ್ತದೆ ಮಗಾ? ಬುಟ್ಟೋರ ತಪ್ಪು."

ವನಜಾಕ್ಷಿ ಕೈಯಲ್ಲಿದ್ದ ಗೂಡನ್ನು ಹಾಗೇ ಹಿಡಿದುಕೊಂಡು ಕೂತಳು. ಎದುರಿನ ಗೋಡೆಗೆ ಹಳೆಯ ಬಿದಿರು ಚಂದ್ರಿಕೆಗಳನ್ನು ಒರಗಿಸಿದ್ದರು. ಆಳೆತ್ತರದ ಬಿದಿರ ತಟ್ಟಿ, ಅದರ ಮೇಲೆ ಸುರುಳಿ ಸುತ್ತಿದಂತೆ ಓಣಿ ಓಣಿಯಾಗಿ ನಿಲ್ಲಿಸಿದ ಬಿದಿರ ಪಟ್ಟಿ. ಹಣ್ಣಾದ ಹುಳಗಳನ್ನು ಅದರ ಮೇಲೆ ಬಿಟ್ಟರೆ ಪ್ರತಿಯೊಂದೂ ತನ್ನ ಓಣಿ ಹುಡುಕಿಕೊಂಡು ತನ್ನ ಪಾಡಿಗೆ ನೂಲುತ್ತದೆ. ಈಗ ಪ್ಲಾಸ್ಟಿಕ್ಕಿನವು ಬಂದು ಬಿದಿರಿನವಕ್ಕೆ ಕೆಲಸವಿರಲಿಲ್ಲ.

"ಈ ಚಂದ್ರಿಕೆ ಏನ್ ಮಾಡ್ತಿಯವ್ವ?"

"ಏನ್ ಮಾಡದು, ಒಲೆಗಾಕದು."

"ಆಕ್ಬ್ಯಾಡ. ನಂಗೆ ಬೇಕು."

ಅವ್ವ ಮಗಳ ಮುಖ ನೋಡಿದಳು. ಯಾಕೆ ಎಂದು ಕೇಳಲಿಲ್ಲ. "ತೊಳ್ದು ಬಿಸ್ಲಿಗಾಕು. ಧೂಳದೆ" ಎಂದಳು ಅಷ್ಟೇ.

ಆಯುಧಪೂಜೆ ಹತ್ತಿರ ಬಂದಿತ್ತು. ಅಲಂಕಾರಕ್ಕೆ ಎಲ್ಲರೂ ಏನಾದರೂ ಹೊಸದು ತನ್ನಿ ಎಂದು ಅಮೃತೇಶ್ ಅವರೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದರು. ಹಿಂದಿನ ದಿನ ಹಾಲ್ ತೊಳೆಯಲು ಉದ್ದದ ಮೇಜನ್ನು ಬಿಡಿಬಿಡಿಯಾಗಿ ಎಳೆದು ಹಾಕಿದ್ದ ಹೊತ್ತಿಗೆ, ಚಿಕ್ಕಪ್ಪನ ಮಗ ಚಿಕ್ಕಸ್ವಾಮಿಯ ಗೂಡ್ಸ್ ಆಟೊ ಗೇಟಿಗೆ ಬಂತು. ವನಜಾಕ್ಷಿ, ಶಿವರಂಜನಿ ಸೇರಿ ಚಂದ್ರಿಕೆಗಳನ್ನು ಮೇಲಕ್ಕೆ ಹೊತ್ತರು.

"ಏನ್ರೀ, ಹುಳ ಸಾಕ್ತೀರಾ ಆಫೀಸಲ್ಲಿ?" ಎಂದ ಕೃಷ್ಣಕುಮಾರ್.

"ಹೂಂ, ನಿಮ್ಮನ್ನೇ ಮೊದ್ಲು ಬಿಡೋದು. ಹಣ್ಣಾಗಿದೀರಲ್ಲ!" ಎಂದಳು ಶಿವರಂಜನಿ.

ಕಿಟಕಿಯ ಪಕ್ಕ ಒಂದು ಮೇಜು, ಅದರ ಮೂರು ಕಡೆ ಚಂದ್ರಿಕೆ. ಒಳಗೆ ಲೇಬಲ್ಲಿನ ಕಂಪ್ಯೂಟರ್. ಬೆಳಿಗ್ಗೆ ಅರ್ಚಕರು ಬಂದು ಯಂತ್ರಗಳಿಗೆ, ಲಾರಿಗಳಿಗೆ, ಕಂಪ್ಯೂಟರುಗಳಿಗೆ ಕುಂಕುಮ ಇಡುತ್ತ ಬಂದವರು ಚಂದ್ರಿಕೆಗಳಿಗೂ ವಿಭೂತಿ, ಕುಂಕುಮ ಹಚ್ಚಿ ಸೇವಂತಿಗೆ ಸಿಕ್ಕಿಸಿದರು. ಗೇಟಿನಲ್ಲಿ ಬೂದುಗುಂಬಳ ಒಡೆಯಿತು. ಕಡ್ಲೆಪುರಿ ಹಂಚುವಾಗ ಕಾರ್ಖಾನೆಯ ಮಾಲೀಕರು ಆ ಮೂಲೆಯ ಮುಂದೆ ನಿಂತರು.

"ಚಂದ್ರಿಕೆ! ನಮ್ಮಮ್ಮನೂ ಹುಳ ಸಾಕಿದ್ರು. ಎಷ್ಟು ವರ್ಷ ಆಗಿತ್ತು ನೋಡಿ. ಯಾರ ಐಡಿಯಾ ಇದು?"

"ನಮ್ಮ ಟೀಮ್‌ದೇ ಸರ್. ರೂರಲ್ ಕಾನ್ಸೆಪ್ಟ್" ಎಂದರು ಅಮೃತೇಶ್, ಕಣ್ಣು ಮಿಟುಕಿಸದೆ.

ವನಜಾಕ್ಷಿ ಕೈಯಲ್ಲಿದ್ದ ಕಡ್ಲೆಪುರಿಯನ್ನು ತಿನ್ನದೆ ಪೊಟ್ಟಣಕ್ಕೇ ಸುರಿದಳು. ಆದರೆ ಒಂದಂತೂ ಆಯಿತು. ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯದೆ ಕದಲಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಹಬ್ಬ ಕಳೆದು ಆಫೀಸು ತೆರೆದಾಗ, ಬಸ್ಸಿನಲ್ಲಿ ಮಾತಾಡಿಕೊಂಡಿದ್ದ ಹಾಗೆ, ಶಿವರಂಜನಿ ನೆಟ್ಟಗೆ ಗೇಟಿಗೆ ಹೋದಳು. ವನಜಾಕ್ಷಿ ನೆಟ್ಟಗೆ ಚಂದ್ರಿಕೆಯ ಮರೆಗೆ ಹೋದಳು. ಯಾರನ್ನೂ ಕೇಳಲಿಲ್ಲ. ಊಟದ ಹೊತ್ತಿನವರೆಗೆ ಅದು ಅಮೃತೇಶ್ ಅವರ ಗಮನಕ್ಕೇ ಬರಲಿಲ್ಲ. ಎರಡೂ ಕಡೆ ಕೆಲಸ ನಡೆಯುತ್ತಿತ್ತಲ್ಲ. ಬಂದಾಗ ಅವರ ಮುಖ ಕೆಂಪಾಯಿತು.

"ಇದೇನ್ರೀ ಇದು? ಹಬ್ಬ ಮುಗೀತು, ತಟ್ಟಿ ಮಾತ್ರ ಇನ್ನೂ ಇದೆ! ಎಲ್ಲಾ ಬನ್ನಿ ಇಲ್ಲಿ" ಎಂದು ಹಾಲಿನ ನಡುವೆ ಮೀಟಿಂಗ್ ಸೇರಿಸಿದರು. "ಈ ತಟ್ಟಿಗಳನ್ನ ತೆಗೆದು ಮೊದಲಿನ ಹಾಗೆ ಕೂರೋದಕ್ಕೆ ಯಾರಿಗಾದ್ರೂ ತೊಂದ್ರೆ ಇದೆಯಾ? ಇದ್ರೆ ಕೈ ಎತ್ತಿ."

ಅದೇ ಪ್ರಶ್ನೆ. ಅದೇ ಹಾಲ್. ವನಜಾಕ್ಷಿಯ ಕೈ ಕಲ್ಲಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದರು, ಮೇಷ್ಟ್ರು ಮೈಕು ಕೊಟ್ಟ ದಿನ ನೋಡಿದ ಹಾಗೆ. ಈಗ ಸುಮ್ಮನಿದ್ದರೆ ಮತ್ತೆ ಚಪ್ಪಾಳೆ ಬೀಳುತ್ತದೆ, ಆಮೇಲೆ ಪ್ಯಾಕಿಂಗ್. ಅವಳು ಕೈ ಎತ್ತಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು, ಅಷ್ಟು ಜನರ ನಡುವೆ ನಡೆದು, ಚಂದ್ರಿಕೆಯ ಮರೆಗೆ ಹೋಗಿ ತನ್ನ ಮೇಜಿನ ಮುಂದೆ ಕೂತಳು.

ಅಮೃತೇಶ್ ಬುಸುಗುಡುತ್ತ ಅಲ್ಲಿಗೇ ಬಂದರು. "ಮೀಟಿಂಗ್ ಮಧ್ಯೆ ಎದ್ದು ಬರೋದು ಯಾವ ಸೀಮೆ ಮರ್ಯಾದೆ ರೀ?"

"ಈಗ ಕೇಳಿ ಸಾರ್" ಎಂದಳು ವನಜಾಕ್ಷಿ. ದನಿ ಎಷ್ಟು ಸಣ್ಣಗಿತ್ತೆಂದರೆ ಅವರು ಬಗ್ಗಿ ಕೇಳಬೇಕಾಯಿತು.

"ಏನನ್ನ?"

"ಅಲ್ಲಿ ಕೇಳಿದ್ರಲ್ಲ, ತೊಂದರೆ ಇದೆಯಾ ಅಂತ. ಅದನ್ನ ಇಲ್ಲಿ ಕೇಳಿ. ಇದೆ ಸಾರ್. ಮೊದಲ ದಿನದಿಂದ ಇದೆ. ಅಲ್ಲಿ ನಿಂತು ನೀವು ಕೇಳಿದ್ರೆ ಉತ್ತರ ಕೊಡೋದು ತೊಂದರೆ ಇಲ್ಲದವರು ಮಾತ್ರ. ನನಗೆ ಚಳಿ ಇಲ್ಲ ಸಾರ್, ಬಿಡಿಸೋಕೆ. ನಾನು ಇರೋದೇ ಹೀಗೆ. ಹೀಗಿದ್ದೇ ಇಷ್ಟು ದಿನ ಒಂದು ಲೇಬಲ್ ತಪ್ಪದೆ ಕೆಲಸ ಮಾಡಿದೀನಿ. ತಪ್ಪಿದ್ದು ನೀವು ಬಾಗಿಲು ಕಿತ್ತ ಮೇಲೆ."

"ಹಾಗಲ್ಲ, ಓಪನ್ ಆಫೀಸ್ ಅಂದ್ರೆ..."

"ನಿಮ್ಮ ರೂಮಿಗೆ ಬಾಗಿಲು ಯಾಕಿದೆ ಸಾರ್? ನೀವು ಬಾಗಿಲು ಹಾಕ್ಕೊಂಡ್ರೆ ಕಾನ್ಫಿಡೆನ್ಶಿಯಲ್. ನಾನು ಹಾಕ್ಕೊಂಡ್ರೆ ಬೆರೆಯಲ್ಲ ಅಂತೀರಿ. ಎಲ್ಲರ ಮುಂದೆ ನಿಲ್ಲಿಸಿ ಬೈತೀರಿ. ಈ ಚಂದ್ರಿಕೆ ತೆಗೆಯೋದಾದ್ರೆ ಮೊದಲು ಒಬ್ಬೊಬ್ಬರ ಹತ್ರಾನೂ ಹೋಗಿ ಕೇಳಿ. ಅವರು ಕೂತ ಜಾಗಕ್ಕೇ ಹೋಗಿ. ಆಮೇಲೆ ತೆಗೀರಿ, ನಾನೇ ಹೊತ್ಕೊಂಡು ಹೋಗ್ತೀನಿ."

ಅಮೃತೇಶ್ ನೆಟ್ಟಗೆ ನಿಂತರು. ಕಿಟಕಿಯ ಹೊರಗೆ, ಕೆಳಗಿನ ಗೇಟಿನಲ್ಲಿ ಶಿವರಂಜನಿ ಯಾರನ್ನೋ ರೇಗಿಸುತ್ತಿದ್ದಳು. "ಬೋರಯ್ಯನೋರೆ, ಇದು ಮಿಡಿಸೌತೆ ಅಂತೀರಾ? ನಮ್ಮನೆ ಒನಕೆ ಇದ್ದಂಗದೆ!" ಬೋರಯ್ಯನ ನಗು ಮೇಲಿನವರೆಗೂ ಬಂತು. ಅಮೃತೇಶ್ ಕಿಟಕಿಯಿಂದ ಬಗ್ಗಿ ನೋಡಿದರು. ಚಂದ್ರಿಕೆ ಕಂಡು ಮಾಲೀಕರು ತಾಯಿಯನ್ನು ನೆನೆದದ್ದೂ ನೆನಪಾಗಿರಬೇಕು. ತಿರುಗಿ ತಮ್ಮ ಕೋಣೆಗೆ ಹೋದರು.

ಮೆಚ್ಚಿ ಕೇಳಿದರೋ, ಹೆದರಿ ಕೇಳಿದರೋ, ಮಾರನೆಯ ದಿನ ಅವರು ಒಬ್ಬೊಬ್ಬರ ಕುರ್ಚಿಯ ಬಳಿಗೂ ಹೋಗಿ ಕೇಳಿದರು. ಮಾರಾಟದವರು ಉದ್ದದ ಮೇಜೇ ಇರಲಿ ಎಂದರು. ಅವರಿಗೆ ಅದು ಉಳಿಯಿತು. ಎಲ್ಲರಿಗೂ ಆಶ್ಚರ್ಯವಾದದ್ದು ಕೃಷ್ಣಕುಮಾರನ ಮಾತು. ಜೋಕಿನ ಕೃಷ್ಣಕುಮಾರ್ ಆಚೀಚೆ ನೋಡಿ, ದನಿ ತಗ್ಗಿಸಿ, "ನಂಗೂ ಒಂದು ತಟ್ಟಿ ಕೊಡ್ಸಿ ಸಾರ್. ಎಲ್ಲ ನನ್ನೇ ನೋಡ್ತಾರೆ ಅಂತ ಜೋಕ್ ಹೇಳಿ ಹೇಳಿ ಸಾಕಾಗಿದೆ" ಎಂದನಂತೆ.

ಗೇಟು ಶಿವರಂಜನಿಯದಾಯಿತು, ಲೇಬಲ್ ವನಜಾಕ್ಷಿಯದು. ಪ್ಯಾಕಿಂಗ್ ಮಾತು ಮತ್ತೆ ಬರಲಿಲ್ಲ. ಅವಳನ್ನು ಕರೆದು 'ತಪ್ಪಾಯಿತು' ಎಂದು ಯಾರೂ ಹೇಳಲಿಲ್ಲ. ವಾರ ಕಳೆದ ಮೇಲೆ ಕಂಪನಿಯ ಫೇಸ್‌ಬುಕ್ ಪುಟದಲ್ಲಿ ಸೇವಂತಿಗೆ ಸಿಕ್ಕಿಸಿದ ಚಂದ್ರಿಕೆಗಳ ಫೋಟೊ ಬಂತು. 'ಸಿಬ್ಬಂದಿಯ ಮನಸ್ಸು ಅರಿತ ನಮ್ಮ ಮ್ಯಾನೇಜ್‌ಮೆಂಟ್‌ನ ಹೊಸ ಚಿಂತನೆ' ಎಂದು ಬರೆದಿತ್ತು. ಚಂದ್ರಿಕೆಗಳ ಮುಂದೆ ಅಮೃತೇಶ್ ನಗುತ್ತ ನಿಂತಿದ್ದರು. ಬಸ್ಸಿನಲ್ಲಿ ಶಿವರಂಜನಿ ಅದನ್ನು ಡ್ರೈವರಿಗೂ ಕೇಳುವಂತೆ ಓದಿ, ಸುತ್ತೂರು ಬರುವವರೆಗೂ ಬೈದಳು.

ವನಜಾಕ್ಷಿ ಮನೆಗೆ ಬಂದು ಆ ಫೋಟೊವನ್ನು ಹುಳದ ಮನೆಯಲ್ಲಿದ್ದ ಅವ್ವನಿಗೆ ತೋರಿಸಿದಳು. ಕೆಂಪಾಜಮ್ಮ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ ಮೊಬೈಲನ್ನು ದೂರ ಹಿಡಿದು ನೋಡಿದಳು.

"ನಮ್ ಚಂದ್ರಿಕೆ! ಮುಂದ್ಗಡೆ ನಿಂತಿರೋನು ಯಾರು?"

"ಮ್ಯಾನೇಜ್ರು."

"ಅವ್ನು ಪಕ್ಕಕ್ಕೆ ನಿಂತಿದ್ರೆ ಚಂದ್ರಿಕೆ ಪೂರ್ತಿ ಕಾಣ್ತಿತ್ತು" ಎಂದು ಅವ್ವ ಮೊಬೈಲು ವಾಪಸ್ಸು ಕೊಟ್ಟಳು. "ಈಗ ಕೆಲ್ಸ ಚೆಂದಾಗದಾ ಮಗಾ?"

"ಚೆಂದಾಗದೆ ಕಣವ್ವ. ಸಿಟ್ಟು ಮಾತ್ರ ಓಗಿಲ್ಲ."

"ಇರ್ಲಿ ಬುಡು" ಎಂದಳು ಕೆಂಪಾಜಮ್ಮ, ಮತ್ತೆ ಕುಡುಗೋಲಿಗೆ ಸೊಪ್ಪು ಹಿಡಿಯುತ್ತ. "ಅದೂ ಬೇಕಾಯ್ತದೆ. ಬಾಗ್ಲು ಮುಂದ್ಕೆ ಮಾಡು, ಉಳ ಜ್ವರಕ್ಕೆ ಕೂತವೆ, ಪೊರೆ ಬುಡ್ತವೆ."

ವನಜಾಕ್ಷಿ ಬಾಗಿಲು ಮುಂದೆ ಮಾಡಿ, ಸದ್ದಾಗದಂತೆ ಚಿಲಕ ಹಾಕಿದಳು.